ಈಸ್ಟರ್ ಬೆಂಕಿಗೆಂದು ಇಟ್ಟ ಲಕೋಟೆ

ಅಲೋಶಿಯಸ್ ಮಾಸ್ಟ್ರು ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. ಅಳತೆ ಅವರ ರಕ್ತಕ್ಕೇ ಹತ್ತಿಬಿಟ್ಟಿತ್ತು. ಕಾರ್ಕಳದ ಕಡೆಯ ತಮ್ಮ ಇಗರ್ಜಿಯಲ್ಲಿ ಯುವಕರ ಹೊಣೆಯನ್ನು ಪಾದ್ರಿಗಳು ಇವರಿಗೆ ಒಪ್ಪಿಸಿದ ಮೇಲೆ ಆತ್ಮಕ್ಕೂ ಸ್ಕೇಲು ಹಿಡಿದರು. ಸಭಾಂಗಣದ ಗೋಡೆಯ ಮೇಲೆ ಐದು ಮೆಟ್ಟಿಲಿನ ಚಾರ್ಟು ಬಂತು. ಒಂದನೆಯದು ದಿನವೂ ಪ್ರಾರ್ಥನೆ, ಎರಡನೆಯದು ತನ್ನೊಳಗಿನ ಹೆದರಿಕೆಯನ್ನು ಎದುರಿಸುವುದು, ಮೂರನೆಯದು ಮುನಿಸಿಕೊಂಡವರ ಜೊತೆ ರಾಜಿ, ನಾಲ್ಕು ಸೇವೆ, ಐದು ಇನ್ನೊಬ್ಬನನ್ನು ಕೈಹಿಡಿದು ಹತ್ತಿಸುವುದು. ಒಂಬತ್ತು ಹುಡುಗರ ಹೆಸರಿನ ಚೀಟಿಗಳು ಗುಂಡುಸೂಜಿಯಲ್ಲಿ ನೇತಾಡುತ್ತಿದ್ದವು. ಭಾನುವಾರ ಪೂಜೆ ಮುಗಿದ ಮೇಲೆ ಮಾಸ್ಟ್ರು ಒಬ್ಬೊಬ್ಬನನ್ನೇ ಗೋಡೆಯ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಿ, ಉತ್ತರ ಒಪ್ಪಿಗೆಯಾದರೆ ಚೀಟಿಯನ್ನು ಮೇಲಕ್ಕೇರಿಸುತ್ತಿದ್ದರು. ಉಳಿದವರು ಚಪ್ಪಾಳೆ ತಟ್ಟಬೇಕು. ಒಳ್ಳೆಯ ಮನುಷ್ಯರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಮನುಷ್ಯರ ಕೈಗೆ ಗುಂಡುಸೂಜಿ ಕೊಡಬಾರದು.

ಎಲ್ಲರಿಗಿಂತ ಮೇಲೆ, ನಾಲ್ಕನೆಯ ಮೆಟ್ಟಿಲಿನಲ್ಲಿ ಇದ್ದ ಚೀಟಿ ಜೋವಿನ್‌ನದು. ಇಪ್ಪತ್ತೊಂದು ವರ್ಷದವನು, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವವನು, ಮೆತ್ತಗೆ ಮಾತಾಡುವವನು. ತಂದೆ ಕುವೈಟಿನಲ್ಲಿ, ಮನೆಯಲ್ಲಿ ತಾಯಿ ಲೊರ್ನಾ ಮತ್ತು ಇವನು. ಮಾಸ್ಟ್ರಿಗೆ ಮಕ್ಕಳಿಲ್ಲ. ಜೋವಿನ್‌ನ ಹೆಸರನ್ನು ಹೇಳುವಾಗ ಅವರ ದನಿ ತಾನಾಗಿಯೇ ಸ್ವಲ್ಪ ಏರುತ್ತಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೂರನೆಯ ವಾರ, ಮಂಗಳವಾರ ಬೆಳಿಗ್ಗೆ ಲೊರ್ನಾ ಫೋನು ಮಾಡಿದರು. ಶನಿವಾರ ಕಾಲೇಜಿನ ಶಿಬಿರಕ್ಕೆಂದು ಹೊರಟವನು ಸೋಮವಾರ ಸಂಜೆ ಬರಬೇಕಿತ್ತು, ಬಂದಿಲ್ಲ, ಫೋನು ಸ್ವಿಚ್ ಆಫ್ ಆಗಿದೆ. ಕಾಲೇಜಿಗೆ ಕೇಳಿದರೆ ಶಿಬಿರವೇ ಇಲ್ಲವಂತೆ. ಅಷ್ಟೇ ಅಲ್ಲ, ಜನವರಿಯಿಂದ ಹುಡುಗ ತರಗತಿಗೇ ಬಂದಿಲ್ಲವಂತೆ. ಮಾಸ್ಟ್ರು ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿ ಫೋನಿಟ್ಟರು.

ಮಧ್ಯಾಹ್ನದೊಳಗೆ ಅವನ ಸ್ಕೂಟರ್ ಸಿಕ್ಕಿತು. ಕಾಪುವಿನಲ್ಲಿ, ದೀಪಸ್ತಂಭಕ್ಕೆ ಹೋಗುವ ದಾರಿಯ ಬದಿಯಲ್ಲಿ ನಿಲ್ಲಿಸಿತ್ತು. ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿತ್ತು. ಮಾಸ್ಟ್ರು ಲೊರ್ನಾರನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳ್ಮಣ್, ಶಿರ್ವ ದಾಟಿ ಅಲ್ಲಿಗೆ ಹೋದರು. ಸ್ಕೂಟರಿನ ಸೀಟಿನ ಮೇಲೆ ಮೂರು ದಿನದ ಮರಳು ಕೂತಿತ್ತು. ಲೊರ್ನಾ ಅದನ್ನು ಸೆರಗಿನಿಂದ ಒರೆಸಿದರು. ಸಮುದ್ರದ ಕಡೆಗೆ ತಿರುಗಿಯೂ ನೋಡಲಿಲ್ಲ. ಪೊಲೀಸರಿಗೆ ದೂರು ಕೊಟ್ಟಾಯಿತು. ಅಂಗಡಿಯವರು, ಜೀವರಕ್ಷಕರು ಯಾರೂ ಅವನನ್ನು ನೋಡಿದ ನೆನಪಿಲ್ಲ ಎಂದರು.

ಹಿಂದಿರುಗುವಾಗ ಮಾಸ್ಟ್ರ ಫೋನಿಗೆ ಪರಿಚಯದವರೊಬ್ಬರ ಸಂದೇಶ ಬಂತು. ಹೂಡೆಯ ಕಡಲ ದಡಕ್ಕೆ ಒಂದು ಗಂಡಸಿನ ಹೆಣ ಬಂದು ಬಿದ್ದಿದೆ, ಗುರುತು ಸಿಕ್ಕಿಲ್ಲ. ಮಾಸ್ಟ್ರು ಫೋನನ್ನು ಮಗುಚಿ ಇಟ್ಟರು. ಲೊರ್ನಾರನ್ನು ಉಡುಪಿಯಲ್ಲಿ ಅವರ ತಂಗಿಯ ಮನೆಗೆ ಬಿಟ್ಟು, ಠಾಣೆಯಲ್ಲಿ ಇನ್ನೊಂದು ಸಹಿ ಉಂಟು ಎಂದು ಸುಳ್ಳು ಹೇಳಿ ಒಬ್ಬರೇ ಹೊರಟರು.

ಜನ್ಮದಲ್ಲಿ ಅಷ್ಟು ಹೆದರಿದ್ದು ಅವರಿಗೆ ನೆನಪಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಜಪಮಾಲೆ ಹಿಡಿದರೆ ಪ್ರಾರ್ಥನೆಯ ಮೊದಲ ಸಾಲೇ ಬರಲಿಲ್ಲ. ಹುಡುಗರಿಗೆ ಸಂಕಟದಲ್ಲಿ ಪ್ರಾರ್ಥಿಸುವುದು ಹೇಗೆಂದು ಎರಡು ಭಾನುವಾರ ಪಾಠ ಮಾಡಿದ ಮಹಾನುಭಾವರು ಇವರೇ. ಬಂದದ್ದು ಒಂದೇ ಮಾತು, ಹೂಡೆಯವರೆಗೂ ಅದನ್ನೇ ಹೇಳಿಕೊಂಡರು: ಅವನಾಗದಿರಲಿ ದೇವರೇ, ಬೇರೆ ಯಾರಾದರೂ ಆಗಲಿ.

ಬೇರೆ ಯಾರೋ ಆಗಿದ್ದರು. ಐವತ್ತು ದಾಟಿದ, ನರೆಗಡ್ಡದ ಮನುಷ್ಯ. ಪೊಲೀಸಿನವನು ಬಟ್ಟೆ ಸರಿಸಿದಾಗ ಮಾಸ್ಟ್ರ ಬಾಯಿಂದ ದೇವರಿಗೆ ಸ್ತೋತ್ರ ಎಂಬ ಮಾತು ಜೋರಾಗಿಯೇ ಬಂತು. ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ಒಂದು ಆಟೋ ನಿಂತಿತು. ಅದರಿಂದ ಇಳಿದ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಮರಳಿನಲ್ಲಿ ಓಡುತ್ತ ಬಂದಳು. ಅವಳ ಕೂಗು ಕೇಳುವ ಮೊದಲೇ ಮಾಸ್ಟ್ರು ಕಾರಿನೊಳಗೆ ಹೋಗಿ ಗಾಜು ಏರಿಸಿಕೊಂಡರು. ನಾಚಿಕೆಯೋ ಹೆದರಿಕೆಯೋ ಗೊತ್ತಾಗಲಿಲ್ಲ, ಎರಡೂ ಇರಬೇಕು.

ಮನೆಗೆ ಬಂದಾಗ ಹೆಂಡತಿ ರೀನಾ ಕಪಾಟಿನ ಮುಂದೆ ಕೂತಿದ್ದಳು. ಅವಳ ಸೀರೆಗಳ ಕೆಳಗೆ ಒಂಬತ್ತು ಲಕೋಟೆಗಳಿದ್ದವು. ಎರಡನೆಯ ಮೆಟ್ಟಿಲಿನ ಕ್ರಮ ಅದು. ತನ್ನನ್ನು ಅತಿ ಹೆಚ್ಚು ಹೆದರಿಸುವುದು ಯಾವುದೆಂದು ಬರೆದು, ಅಂಟಿಸಿ ಮಾಸ್ಟ್ರ ಕೈಗೆ ಕೊಡಬೇಕು. ಈಸ್ಟರ್ ಜಾಗರಣೆಯ ದಿನ ಇಗರ್ಜಿಯ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರಲ್ಲ, ಅದಕ್ಕೆ ಅವನವನೇ ತನ್ನ ಲಕೋಟೆ ಹಾಕಬೇಕು. ಅಲ್ಲಿಯವರೆಗೆ ತಾನಾಗಲಿ ಪಾದ್ರಿಗಳಾಗಲಿ ತೆರೆಯುವುದಿಲ್ಲವೆಂದು ಮಾಸ್ಟ್ರು ಬೈಬಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು. ಅದನ್ನು ನಂಬಿಯೇ ಹುಡುಗರು ಬರೆದದ್ದು.

ತೆರೆಯಿರಿ ಎಂದಳು ರೀನಾ. ಆಣೆ ಉಂಟು ಎಂದರು ಇವರು.

"ಆಣೆ ನಿಮ್ಮದು," ಎಂದಳು ಅವಳು. "ಜೀವ ಆ ಹುಡುಗನದ್ದು. ಎರಡರಲ್ಲಿ ಯಾವುದು ದೊಡ್ಡದು ಅಂತ ನಾನು ಹೇಳಬೇಕಾ?"

ಮಾಸ್ಟ್ರು ಜೋವಿನ್‌ನ ಲಕೋಟೆ ಹುಡುಕಿ ತೆಗೆದು ಅಂಚು ಹರಿದರು. ಒಳಗೆ ಅರ್ಧ ಪುಟದ ನೀಲಿ ಅಕ್ಷರ.

"ನನಗೆ ದೇವರ ಹೆದರಿಕೆ ಇಲ್ಲ, ಅವನಿಗೆ ಎಲ್ಲ ಗೊತ್ತುಂಟು. ನನಗೆ ಅಲೋಶಿಯಸ್ ಸರ್ ಅವರ ಹೆದರಿಕೆ. ನಾನು ಫೇಲಾಗಿ ಕಾಲೇಜು ಬಿಟ್ಟಿದ್ದೇನೆ, ಮಲ್ಪೆಯಲ್ಲಿ ಐಸ್ ಪ್ಲಾಂಟಿಗೆ ಕೆಲಸಕ್ಕೆ ಹೋಗುತ್ತೇನೆ. ಸರ್ ನನ್ನ ಚೀಟಿ ಮೇಲೆ ಏರಿಸುತ್ತಾರೆ. ನಾನು ಒಂದನೇ ಮೆಟ್ಟಿಲನ್ನೂ ಹತ್ತಿಲ್ಲ, ಪ್ರಾರ್ಥನೆ ಮಾಡಿದೆ ಎನ್ನುವುದು ಸುಳ್ಳು. ಆದರೆ ಆಗ ಸರ್ ಮುಖದಲ್ಲಿ ಎಷ್ಟು ಸಂತೋಷ ಆಗುತ್ತದೆಂದರೆ ಅದನ್ನು ನೋಡಿ ಇನ್ನೊಂದು ಸುಳ್ಳು ಹೇಳುತ್ತೇನೆ. ಒಂದು ದಿನ ಅವರಿಗೆ ಗೊತ್ತಾಗುತ್ತದೆ. ಆಗ ಆ ಮುಖ ಹೇಗೆ ಆಗುತ್ತದೋ, ಅದೇ ನನ್ನ ಹೆದರಿಕೆ."

ಮಾಸ್ಟ್ರು ಎರಡು ಸಲ ಓದಿದರು. ಕಪಾಟಿನ ಬಾಗಿಲಿನ ಕನ್ನಡಿಯಲ್ಲಿ ಅವರ ಮುಖವಿತ್ತು. ಅದನ್ನು ನೋಡುವ ಧೈರ್ಯವಾಗದೆ ಬಾಗಿಲು ಮುಚ್ಚಿದರು.

ಬುಧವಾರ ಬೆಳಿಗ್ಗೆ ಮಲ್ಪೆಯಲ್ಲಿ ಮೂರನೆಯ ಐಸ್ ಪ್ಲಾಂಟಿಗೆ ಹೋದಾಗ ಅಲ್ಲಿ ಲೆಕ್ಕ ಬರೆಯುವ ರೈಟರ್ ರಿಯಾಝ್, ಹುಡುಗನ ಹೆಸರು ಕೇಳಿದ ಕೂಡಲೇ ನಕ್ಕ. ಜೋವಿನ್ ತಾನೇ, ಒಳ್ಳೆಯ ಹುಡುಗ, ಬೋಟಿಗೆ ಹೋಗಿದ್ದಾನೆ ಎಂದ. ಕಾಪುವಿನಲ್ಲಿ ಬೋಟಿನ ಕೆಲಸದವನೊಬ್ಬನ ಮನೆಯ ಬಳಿ ಸ್ಕೂಟರ್ ಬಿಟ್ಟು ಅವನ ಜೊತೆಗೇ ಹೋದದ್ದು. ಎರಡು ದಿನದಲ್ಲಿ ಬರುವ ಲೆಕ್ಕ ಇತ್ತು, ಮೀನು ಸಿಗದೆ ಇನ್ನೂ ದೂರ ಹೋಗಿದ್ದಾರೆ, ಅಲ್ಲಿ ಫೋನಿಗೆ ರೇಂಜ್ ಇಲ್ಲ. ನಿನ್ನೆ ವಯರ್‌ಲೆಸ್ಸಿನಲ್ಲಿ ಮಾತಾಡಿದ್ದಾರೆ, ಶುಕ್ರವಾರ ಬೆಳಿಗ್ಗೆ ಬರ್ತಾರೆ. "ಹೆದರುವಂಥದ್ದು ಎಂತದೂ ಇಲ್ಲ ಮಾರಾಯ್ರೆ," ಎಂದು ಅವರಿಗೊಂದು ಕುರ್ಚಿ ಎಳೆದು ಕೊಟ್ಟ.

ಮಾಸ್ಟ್ರು ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತರು. ಆಮೇಲೆ ಲೊರ್ನಾರಿಗೆ ಫೋನು ಮಾಡಿ, ಮಗ ಬೋಟಿನಲ್ಲಿದ್ದಾನೆ, ಕ್ಷೇಮ, ಶುಕ್ರವಾರ ಬರುತ್ತಾನೆ ಎಂದಷ್ಟೇ ಹೇಳಿದರು. ಲಕೋಟೆಯ ಸುದ್ದಿ ಎತ್ತಲಿಲ್ಲ.

ಹುಡುಗ ಬದುಕಿದ್ದಾನೆ ಎಂದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಶುಕ್ರವಾರ ಅವನು ಬೋಟಿನಿಂದ ಇಳಿಯುತ್ತಾನೆ, ಮೊದಲು ನೋಡುವುದು ಈ ಮುಖವನ್ನೇ. ಏನೂ ಗೊತ್ತಿಲ್ಲದವರ ಹಾಗೆ ನಗಬಹುದು, ಹಾಳೆಯನ್ನು ಹೊಸ ಲಕೋಟೆಯಲ್ಲಿ ಹಾಕಿ ಅಂಟಿಸಬಹುದು, ಯಾರಿಗೂ ತಿಳಿಯುವುದಿಲ್ಲ. ಹಾಗೆ ಮಾಡಿದರೆ ಹುಡುಗ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಇವರೂ ಅವನ ಜೊತೆ ಹೇಳಬೇಕಾಗುತ್ತದೆ. ನಿಜ ಹೇಳಿದರೆ ಅವನು ಜನ್ಮದಲ್ಲಿ ಯಾರನ್ನೂ ನಂಬದಿರಬಹುದು. ಗುರುವಾರ ಸಂಜೆ ಮಾಸ್ಟ್ರು ಸಭಾಂಗಣಕ್ಕೆ ಹೋಗಿ ಚಾರ್ಟು ಇಳಿಸಿದರು. ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಊಟದ ಹೊತ್ತಿನವರೆಗೂ ಅದರ ಮುಂದೆ ಕೂತರು.

ಶುಕ್ರವಾರ ಬೆಳಿಗ್ಗೆ ಬಂದರಿನಲ್ಲಿ ಮೀನಿನ ಹರಾಜಿನ ಗದ್ದಲ. ಲೊರ್ನಾ ಗೇಟಿನ ಹೊರಗೆ ಕಾರಿನಲ್ಲೇ ಉಳಿದರು, ನೀರು ನೋಡಿದರೆ ತನಗೆ ಆಗುವುದಿಲ್ಲ ಎಂದರು. ಬೋಟು ಧಕ್ಕೆಯ ಕಟ್ಟೆಗೆ ತಾಗಿತು. ಜೋವಿನ್ ಬುಟ್ಟಿಯೊಂದನ್ನು ಕೆಳಗಿಳಿಸಿ ತಲೆಯೆತ್ತಿದ. ಬಿಸಿಲಿಗೆ ಮೂಗು ಸುಲಿದಿತ್ತು. ಮಾಸ್ಟ್ರನ್ನು ಕಂಡವನೇ ಅವರ ಮುಖವನ್ನೇ ನೋಡುತ್ತ ನಿಂತುಬಿಟ್ಟ.

ತಮ್ಮ ಮುಖ ಹೇಗಾಗಿದೆಯೋ ಮಾಸ್ಟ್ರಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಿ ಹರಿದ ಲಕೋಟೆಯನ್ನು ಅವನ ಕೈಗೆ ಕೊಟ್ಟರು.

"ತೆರೆದೆ," ಎಂದರು. "ನೀನು ಸತ್ತೆ ಅಂತ ಹೆದರಿ ತೆರೆದೆ. ಆಣೆ ಮುರಿದದ್ದು ನಾನು. ನಿನ್ನದೇನೂ ತಪ್ಪಿಲ್ಲ."

ಹುಡುಗನ ಮುಖದ ಬಣ್ಣ ಇಳಿಯಿತು. ಹಿಂದೆ ನೋಡಿದ, ನೀರು ಬಿಟ್ಟರೆ ಹೋಗಲು ಜಾಗವಿರಲಿಲ್ಲ. ಮಾಸ್ಟ್ರು ಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ಅದಕ್ಕೆ ಲಕೋಟೆ ಇರಲಿಲ್ಲ.

"ನನ್ನದು. ಓದು."

ಜೋವಿನ್ ಅಲ್ಲೇ ನಿಂತು ಓದಿದ. ಹೂಡೆಯ ದಾರಿಯಲ್ಲಿ ಬೇರೆ ಯಾರಾದರೂ ಸಾಯಲಿ ಎಂದು ಬೇಡಿಕೊಂಡದ್ದು, ಹೆಣದ ಮುಂದೆ ಸ್ತೋತ್ರ ಹೇಳಿದ್ದು, ಓಡಿ ಬಂದ ಹೆಂಗಸನ್ನು ನೋಡಿ ಗಾಜು ಏರಿಸಿಕೊಂಡದ್ದು, ಎಲ್ಲ ಅದರಲ್ಲಿತ್ತು. ಕೊನೆಯಲ್ಲಿ, ಐದು ಮೆಟ್ಟಿಲಿನಲ್ಲಿ ನಾನು ಎಲ್ಲಿದ್ದೇನೆಂದು ಯಾರಾದರೂ ಕೇಳುತ್ತಾರೋ ಎಂದು ನನಗೆ ಹೆದರಿಕೆ, ಎಂದು ಬರೆದಿದ್ದರು. ಹುಡುಗ ಓದಿ ಮುಗಿಸಿ ಲಕೋಟೆಯನ್ನೂ ಹಾಳೆಯನ್ನೂ ಒಟ್ಟಿಗೆ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡ.

"ಅಮ್ಮನಿಗೆ ಗೊತ್ತುಂಟಾ ಸರ್?"

"ಕಾಲೇಜಿನದ್ದು ಗೊತ್ತುಂಟು. ಉಳಿದದ್ದನ್ನು ನೀನೇ ಹೇಳಬೇಕು. ಗೇಟಿನ ಹತ್ತಿರ ಕಾರಿನಲ್ಲಿದ್ದಾರೆ."

"ಹೆದರಿಕೆ ಆಗ್ತದೆ ಸರ್."

"ನನಗೂ," ಎಂದರು ಮಾಸ್ಟ್ರು. "ನಡಿ, ಒಟ್ಟಿಗೆ ಹೋಗುವ."