ಅತ್ತೆ ಬರೆಯದ ಪುಟ

ನಲವತ್ತೊಂದನೇ ಪುಟಕ್ಕೆ ಬರುವ ಹೊತ್ತಿಗೆ ಪುಸ್ತಕದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. 'ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಎರಡೂ ಕೈಗಳನ್ನು ನೋಡಿಕೊಂಡು ಮುಗುಳ್ನಗಿ. ದಣಿವು ದುಡಿಮೆಯಲ್ಲಿಲ್ಲ, ದುಡಿಮೆಯನ್ನು ನೋಡುವ ಕಣ್ಣಿನಲ್ಲಿದೆ' ಎಂದಿತ್ತು ಅಲ್ಲಿ. ಅವಳು ಪುಸ್ತಕವನ್ನು ಕವುಚಿ ಹಾಕಿ ಕೈ ನೋಡಿಕೊಂಡಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನಾಲ್ಕು ವರ್ಷ ಬಿಸಿ ಬಿಸಿ ಹಾಸು ಮಡಿಸಿ, ಬೆರಳ ತುದಿಯ ಗೆರೆಗಳೇ ಸವೆದಿದ್ದವು. ಹಾಜರಿ ಯಂತ್ರಕ್ಕಂತೂ ವಾರಕ್ಕೆರಡು ಸಲ ಅವಳ ಹೆಬ್ಬೆರಳಿನ ಗುರುತೇ ಸಿಗುತ್ತಿರಲಿಲ್ಲ.

"ಇದನ್ನ ಬರೆದವನ ಕೈಗೆ ಒಂದೇ ಒಂದು ದಿನ ನಮ್ಮ ಕೊಳೆಬಟ್ಟೆ ಗಂಟು ಬಿಚ್ಚೋಕೆ ಕೊಡಬೇಕು," ಎಂದಳು.

"ಯಾರನ್ನಮ್ಮಾ ಬೈತಿರೋದು?" ಮಗಳು ಒಳಗಿನಿಂದ ಕೇಳಿದಳು.

"ಬೈತಿಲ್ಲ. ಓದ್ತಿದ್ದೀನಿ."

ಓದು ಅವಳಿಗೆ ಹೊಸತಲ್ಲ. ಕೈಚೀಲದಲ್ಲಿ ಸದಾ ಗ್ರಂಥಾಲಯದ ಒಂದು ಕಾದಂಬರಿ, ಬಸ್ಸಿನಲ್ಲಿ ಸೀಟು ಸಿಗಲಿ ಬಿಡಲಿ ಹತ್ತು ಪುಟ. ಪುಸ್ತಕದಕ್ಕ ಎಂಬ ಹೆಸರು ಬಂದದ್ದೇ ಹಾಗೆ. ಅವಳು ಓದುತ್ತಿದ್ದ ಕಾದಂಬರಿಗಳಲ್ಲಿ ಜನರಿಗೆ ಹಸಿವಾಗುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಅವರು ಸುಳ್ಳು ಹೇಳಿದರೂ ಯಾಕೆ ಹೇಳಿದರೆಂದು ತಿಳಿಯುತ್ತಿತ್ತು. ಮ್ಯಾನೇಜರ್ ವಿಭಾಗದ ಹನ್ನೊಂದು ಜನಕ್ಕೂ ಹಂಚಿದ ಈ ಹಳದಿ ರಟ್ಟಿನ ಪುಸ್ತಕದಲ್ಲಿ ಯಾರಿಗೂ ಏನೂ ನೋಯುತ್ತಿರಲಿಲ್ಲ. ಅದನ್ನು ಓದಿ ಸೋಮವಾರದೊಳಗೆ ಪ್ರತಿಯೊಬ್ಬರೂ ಒಂದು ಪುಟ ಅನಿಸಿಕೆ ಬರೆದು ಕೊಡಬೇಕೆಂದು ಅವನ ಆಜ್ಞೆ.

ನಮ್ಮದನ್ನೂ ಬರೆದುಕೊಡು ಎಂದು ಆರು ಜನ ಅವಳ ಹತ್ತಿರ ಬಂದರು. ಕೆಲವರಿಗೆ ಪುರುಸೊತ್ತಿರಲಿಲ್ಲ, ಕೆಲವರಿಗೆ ಅಕ್ಷರವಿರಲಿಲ್ಲ. ಕೊನೆಗೆ ಬಂದವಳು ಅತ್ತೆ. ವಾರ್ಡುಗಳಿಂದ ಬರುವ ಕೊಳೆಬಟ್ಟೆಯ ಗಂಟು ಬಿಚ್ಚಿ, ರಕ್ತದ್ದು ಬೇರೆ, ಉಳಿದದ್ದು ಬೇರೆ ಮಾಡುವುದು ಅವಳ ಕೆಲಸ. ಮನೆಯಲ್ಲಿ ಒಬ್ಬಳೇ ಸೊಸೆಯಿದ್ದರೂ ಇಲ್ಲಿ ಎಲ್ಲರಿಗೂ ಅವಳು ಅತ್ತೆಯೇ.

"ನಂದೂ ಒಂದು ಗೀಚಿ ಕೊಡೇ ತಾಯಿ. ನನಗೆ ಸಹಿ ಬಿಟ್ರೆ ಇನ್ನೇನು ಬರುತ್ತೆ? ಆ ಮನುಷ್ಯನಿಗೆ ಖುಷಿಯಾಗೋ ಹಾಗೆ ಬರಿ, ಸಾಕು. ಇನ್ನೆರಡು ವರ್ಷ ತಳ್ಳಿಬಿಟ್ರೆ ಮನೆ ಸೇರ್ಕೋತೀನಿ."

ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕದಕ್ಕ ಏಳು ಪುಟ ಬರೆದಳು. ತನ್ನ ಪುಟದಲ್ಲಿ ಮೂರೇ ಸಾಲು: ಗಂಟು ಬಿಚ್ಚುವವರ ಕೈಗವಸುಗಳ ತುದಿ ಹರಿದಿದೆ, ಬಟ್ಟೆಯೊಳಗೆ ಸೂಜಿ ಸಿಗುತ್ತಿದೆ, ದಪ್ಪನೆಯ ಕೈಗವಸು ಕೊಡಿಸಿ. ಮಿಕ್ಕ ಆರಕ್ಕೂ ಸಿಟ್ಟಿನ ಭರದಲ್ಲಿ ಸಕ್ಕರೆ ಸುರಿದಳು. ಅತ್ತೆಯ ಪುಟಕ್ಕಂತೂ ಕೈ ಧಾರಾಳವಾಯಿತು: 'ಕೈಗವಸು ತೊಟ್ಟಾಗಲೆಲ್ಲ ನನ್ನ ತಾಯಿಯೇ ಕೈ ಹಿಡಿದಂತಾಗುತ್ತದೆ. ನನಗಿಲ್ಲಿ ಯಾವ ಕೊರತೆಯೂ ಇಲ್ಲ.'

ಮಗಳು ಹೆಗಲ ಮೇಲಿಂದ ಬಗ್ಗಿ ಓದಿ ನಕ್ಕಳು. "ಅಮ್ಮಾ, ಇಷ್ಟೊಂದು ಸುಳ್ಳು!"

"ಸುಳ್ಳಲ್ಲ, ಅಣಕ. ಓದಿದ್ರೆ ಅವನಿಗೆ ಚುರುಕು ಮುಟ್ಟುತ್ತೆ."

"ಮುಟ್ಟದಿದ್ರೆ?"

ಮುಟ್ಟಲಿಲ್ಲ. ಸೋಮವಾರ ಮ್ಯಾನೇಜರ್ ಅತ್ತೆಯ ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ. ತಾಯಿಯ ಸಾಲನ್ನಂತೂ ಎರಡು ಸಲ ಓದಿದ. ಚಪ್ಪಾಳೆಯಾಯಿತು. 'ಅಪಘಾತವಿಲ್ಲದ ದಿನಗಳು' ಎಂಬ ಹಲಗೆಯ ಪಕ್ಕದಲ್ಲಿ ಆ ಪುಟವನ್ನು ಪಿನ್ನು ಚುಚ್ಚಿ ಹಾಕಿದ. ಪುಸ್ತಕದಕ್ಕನ ಹಾಳೆಯನ್ನು ಮಾತ್ರ ಮಡಿಸಿ ಅವಳ ಕೈಗೇ ಕೊಟ್ಟ. "ಇದು ಅನಿಸಿಕೆ ಅಲ್ಲಮ್ಮ, ದೂರು. ಇನ್ನೊಂದ್ಸಲ ಓದಿ, ಮನಸ್ಸಿಟ್ಟು."

ಹೊರಗೆ ಬಂದ ಮೇಲೆ ಅತ್ತೆ ಮೆಲ್ಲಗೆ ಹೇಳಿದಳು: "ನಾನು ಹುಟ್ಟಿದ ವಾರಕ್ಕೇ ನಮ್ಮಮ್ಮ ಹೋದ್ಲು ಕಣೇ. ಇರಲಿ ಬಿಡು. ಕೇಳೋಕೆ ಚೆನ್ನಾಗಿತ್ತು."

ಪುಸ್ತಕದಕ್ಕ ಮಡಿಸಿದ ಹಾಳೆಯನ್ನು ಕೈಚೀಲದ ತಳಕ್ಕೆ ತುರುಕಿದಳು.

ಇದಾಗಿ ಮೂರನೇ ವಾರ, ಹಗಲು ಹನ್ನೊಂದರ ಸುಮಾರಿಗೆ, ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬಂದ ಹಸಿರು ಬಟ್ಟೆಯ ಮಡಿಕೆಯೊಳಗೆ ಕೈ ಹಾಕಿದ ಅತ್ತೆ "ಹಾ" ಎಂದು ಹಿಂದೆ ಸರಿದಳು. ಕೈಗವಸಿನ ಹರಿದ ತುದಿಯಲ್ಲಿ, ತೋರುಬೆರಳಿಗೆ ಸೂಜಿ ನೆಟ್ಟಗೆ ನಾಟಿತ್ತು. ಯಾವ ರೋಗಿಯದೋ, ಯಾವ ರೋಗದ್ದೋ. ಪುಸ್ತಕದಕ್ಕ ಅದನ್ನು ಕಿತ್ತು, ಕೈಗವಸು ಕಳಚಿ, ಬೆರಳನ್ನು ನಲ್ಲಿಯ ಕೆಳಗೆ ಹಿಡಿದು, ಅತ್ತೆಯನ್ನು ಮ್ಯಾನೇಜರ್ ಕೋಣೆಗೆ ಕರೆದೊಯ್ದಳು. ಅಪಘಾತದ ಅರ್ಜಿಗೆ ಅವನ ಸಹಿ ಬಿದ್ದ ಮೇಲೆಯೇ ರಕ್ತ ಪರೀಕ್ಷೆಗೆ ಹೋಗುವುದು ವಿಭಾಗದ ನಿಯಮ.

ಮ್ಯಾನೇಜರ್ ಮೀಟಿಂಗಿನಲ್ಲಿದ್ದ. ಒಂದೂವರೆ ಗಂಟೆ ಬಾಗಿಲ ಹೊರಗೆ ಕೂರಿಸಿದ. ಕರೆದ ಮೇಲೆ ಅರ್ಜಿಯನ್ನು ಬೆರಳಿಂದ ಅತ್ತ ಸರಿಸಿದ.

"ಇನ್ನೂರ ಹನ್ನೊಂದು ದಿನ ಆಯ್ತು, ಒಂದು ಅಪಘಾತ ಇಲ್ಲ. ಗುರುವಾರ ಮೇಲಿನವರು ತಪಾಸಣೆಗೆ ಬರ್ತಿದ್ದಾರೆ. ಇಷ್ಟು ಸಣ್ಣ ಗಾಯಕ್ಕೆ ಇದೆಲ್ಲ ಬೇಕಾ? ಕೈಗವಸು ಹಾಕಿರಲಿಲ್ಲ ಅನ್ಸುತ್ತೆ."

"ಹಾಕಿದ್ದೆ ಸ್ವಾಮಿ. ಹರಿದಿತ್ತು," ಎಂದಳು ಅತ್ತೆ.

ಅವನು ಎದ್ದು ಹೋಗಿ, ಗೋಡೆಯ ಪುಟ ಕಿತ್ತುಕೊಂಡು ಬಂದು ಮೇಜಿನ ಮೇಲಿಟ್ಟ. "ಇದೇನಮ್ಮ ಹಾಗಾದ್ರೆ? ಯಾವ ಕೊರತೆಯೂ ಇಲ್ಲ ಅಂತ ನೀನೇ ಬರೆದಿದ್ದೀಯಲ್ಲ. ಕೆಳಗೆ ಸಹಿ ಬೇರೆ!"

ಅತ್ತೆ ಬಾಯಿ ತೆರೆದವಳು ಪುಸ್ತಕದಕ್ಕನ ಮುಖ ನೋಡಿ ಮುಚ್ಚಿಕೊಂಡಳು. ಅವಳನ್ನು ಸಿಕ್ಕಿಸಬಾರದೆಂದು ಮುಚ್ಚಿಕೊಂಡದ್ದು. ಅದು ತಿಳಿದದ್ದೇ ಪುಸ್ತಕದಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ಅದನ್ನ ಬರೆದಿದ್ದು ನಾನು," ಎಂದಳು. "ಅತ್ತೆಗೆ ಓದೋಕೂ ಬರಲ್ಲ. ಅದೊಂದೇ ಅಲ್ಲ, ಆರೂ ನಂದೇ. ನಿಮ್ಮನ್ನ ಆಡಿಕೊಳ್ಳೋಕೆ ಬರೆದೆ, ನಿಮಗೆ ಅಷ್ಟೂ ತಿಳೀಲಿಲ್ಲ. ನಿಜ ಬರೆದಿದ್ದ ಹಾಳೆಯನ್ನ ಮಡಿಸಿ ವಾಪಸು ಕೊಟ್ರಿ."

ಮ್ಯಾನೇಜರನ ಕಿವಿ ಕೆಂಪಾಯಿತು. "ಅಂದ್ರೆ ಇಷ್ಟು ದಿನ ಎಲ್ಲಾ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಇದಕ್ಕೆ ಮೆಮೊ ಕೊಡ್ತೀನಿ, ಗೊತ್ತಾ?"

"ಕೊಡಿ ಸರ್. ನಿಮ್ಮ ಕಣ್ಣಿಗೆ ಮಣ್ಣು ಬಿದ್ದಿದ್ದಕ್ಕೆ ನನಗೆ ಮೆಮೊ. ಇವಳ ಬೆರಳಿಗೆ ಸೂಜಿ ಚುಚ್ಚಿದ್ದಕ್ಕೆ ಯಾರಿಗೆ ಕೊಡ್ತೀರಿ?"

ಉತ್ತರಕ್ಕೆ ಅವಳು ನಿಲ್ಲಲಿಲ್ಲ. ಸಹಿಯಿಲ್ಲದ ಅರ್ಜಿಯನ್ನು ಎತ್ತಿಕೊಂಡು, ಅತ್ತೆಯ ರಟ್ಟೆ ಹಿಡಿದು, ಮೆಟ್ಟಿಲಿಳಿದು ಅಂಗಳ ದಾಟಿ ತುರ್ತು ಚಿಕಿತ್ಸೆಯ ಕೋಣೆಗೆ ನಡೆದಳು. ಈ ಆಸ್ಪತ್ರೆಯ ಬಟ್ಟೆಯ ನಡುವೆಯೇ ಇಷ್ಟು ವರ್ಷ ಕಳೆದಿದ್ದರೂ ಅವರಿಬ್ಬರು ಈ ಬಾಗಿಲಿಂದ ಒಳಗೆ ಹೋದದ್ದು ಅದೇ ಮೊದಲು.

ಡಾಕ್ಟರಮ್ಮ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಯಾವಾಗ ಚುಚ್ಚಿದ್ದು?"

"ಚುಚ್ಚಿ ಎರಡು ಗಂಟೆ ಆಗ್ತಾ ಬಂತು."

"ಎರಡು ಗಂಟೆ ಏನ್ ಮಾಡ್ತಿದ್ರಿ?"

"ಒಂದು ಪುಟ ಓದ್ತಿದ್ವಿ ಡಾಕ್ಟ್ರೇ," ಎಂದಳು ಪುಸ್ತಕದಕ್ಕ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಅವಳು ಅರ್ಜಿಗೂ ಕಾಯಲಿಲ್ಲ. ರಕ್ತ ತೆಗೆದು, ಸೋಂಕು ತಗಲದಿರಲೆಂದು ಮೊದಲ ಮಾತ್ರೆಯನ್ನು ತನ್ನೆದುರೇ ನುಂಗಿಸಿದಳು. ಮಾತ್ರೆ ತಿಂಗಳು ಪೂರ್ತಿ, ರಕ್ತ ಪರೀಕ್ಷೆ ಮೂರು ತಿಂಗಳ ಮೇಲೆ ಮತ್ತೊಮ್ಮೆ. ಹೇಗೆ ಆಯಿತೆಂದು ಬರೆದು ಕೊಡಿ, ಅರ್ಜಿಯನ್ನು ನಾನೇ ಮೇಲಿನವರಿಗೆ ಕಳಿಸುತ್ತೇನೆ ಎಂದಳು.

ಇಬ್ಬರೂ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತರು. ಪುಸ್ತಕದಕ್ಕ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದಳು. "ಹೇಳು ಅತ್ತೆ."

"ಬರಿ. ಹಸಿರು ಬಟ್ಟೆ ಬಿಚ್ತಿದ್ದೆ. ಕೈಗವಸು ಹರಿದಿತ್ತು. ಸೂಜಿ ಚುಚ್ತು."

ಪೆನ್ನು ಓಡಿತು, ನಿಲ್ಲಲಿಲ್ಲ. ಅತ್ತೆ ಬಗ್ಗಿ ನೋಡಿದಳು.

"ನಾನು ಹೇಳಿದ್ದು ಇಷ್ಟೇ. ನೀನು ಇನ್ನೂ ಏನೋ ಬರೀತಿದ್ದೀಯಲ್ಲ?"

"'ಅಪಾರ ನೋವಾಯಿತು' ಅಂತ..."

"ಅಪಾರ ಏನಿಲ್ಲ. ಚುರ್ ಅಂತು. ಆಮೇಲೆ ಭಯ ಆಯ್ತು. ಹಾಗೇ ಬರಿ."

ಪುಸ್ತಕದಕ್ಕ ಆ ಸಾಲನ್ನು ಹೊಡೆದುಹಾಕಿ, ಹೇಳಿದಷ್ಟನ್ನೇ ಬರೆದು, ಓದಿ ಹೇಳಿದಳು. ಅತ್ತೆ ಮೊದಲಿಂದ ಇನ್ನೊಮ್ಮೆ ಓದಿಸಿದಳು. ಆಮೇಲೆ ಪೆನ್ನು ಇಸಕೊಂಡು, ಪಟ್ಟಿ ಸುತ್ತಿದ ಬೆರಳನ್ನು ಹಾಳೆಗೆ ತಾಗದಂತೆ ಎತ್ತಿ ಹಿಡಿದು, ಉಳಿದ ಬೆರಳುಗಳಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯತೊಡಗಿದಳು. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹೋದವು. ಪಕ್ಕದಲ್ಲಿ ಕೂತವಳು ಹಾಳೆ ಅಲುಗಾಡದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದಳು.