ಹಳೆಯ ಸಾಮಾನು ಬೇಡ

ನನ್ನ ತಮ್ಮನ ಬಲಮೊಣಕಾಲು ಮಡಚುವುದಿಲ್ಲ. ನಮ್ಮದು ಒಂದೇ ಕೋಣೆಯ ಮನೆ. ಬಾಗಿಲಿಂದ ಒಲೆಗೆ ಹೋಗಬೇಕಾದರೆ ಅವನು ಚಾಚಿಕೊಂಡ ಕಾಲನ್ನು ದಾಟಿಯೇ ಹೋಗಬೇಕು. ದಾಟುವಾಗಲೆಲ್ಲ "ತಪ್ಪಾಯ್ತು ಅಕ್ಕ" ಅನ್ನುತ್ತಾನೆ. ಮೂರು ವರ್ಷದಿಂದ ಅನ್ನುತ್ತಿದ್ದಾನೆ. ತಪ್ಪು ಮಾಡಿದವನು ಮಾತ್ರ ಊರಿನ ಆ ತುದಿಯ ಮಹಡಿ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ.

ತಮ್ಮನ ಕಾಲು ಮುರಿದದ್ದು ಬ್ರೇಕ್ ತುಳಿಯುತ್ತಿರುವಾಗ. ಇಟ್ಟಿಗೆ ಭಟ್ಟಿಯ ಧಣಿಯ ಪಿಕಪ್ ಓಡಿಸುತ್ತಿದ್ದ. ನನಗಿಂತ ವಯಸ್ಸಾದ ಗಾಡಿ ಅದು. ತುಂಬ ಇಟ್ಟಿಗೆ, ಇಟ್ಟಿಗೆಯ ಮೇಲೆ ಹೊರೆ ಇಳಿಸುವ ಹೆಂಗಸರು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಕೆಳಗಿನ ತಿರುವಿನಲ್ಲಿ ಕಲ್ಲಿನ ಗೋಡೆ. ಒಬ್ಬ ಹೆಂಗಸು ಅಲ್ಲೇ ಸತ್ತಳು.

"ತಿಂಗಳ ಹಿಂದೆ ತಾನೇ ಬ್ರೇಕಿಗೆ ಹೊಸ ಲೈನಿಂಗ್ ಹಾಕಿಸಿದ್ದೆ. ಅವನು ಕುಡಿದಿದ್ದ" ಎಂದು ಧಣಿ ಪೊಲೀಸರಿಗೆ ಹೇಳಿದ. ತಮ್ಮ ಕುಡಿದಿದ್ದು ನಾನು ಬಾಟಲಿಗೆ ತುಂಬಿ ಕೊಟ್ಟ ನೀರು. ಅದೂ ಅರ್ಧ ಹಾಗೇ ಉಳಿದಿತ್ತು. ತಪಾಸಣೆಯ ಅಧಿಕಾರಿ ಬಂದ. ಒಂದು ಚಕ್ರವನ್ನೂ ಬಿಚ್ಚಿಸಲಿಲ್ಲ. ಸೊಂಟಕ್ಕೆ ಕೈಕೊಟ್ಟು ಬಾಗಿ ನೋಡಿದ, ಧಣಿಯ ಮನೆಯಲ್ಲಿ ಕಾಫಿ ಕುಡಿದ, "ಬ್ರೇಕ್ ಸುಸ್ಥಿತಿಯಲ್ಲಿದೆ, ಚಾಲಕನ ಅಜಾಗರೂಕತೆ" ಎಂದು ಬರೆದು ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಕೇಸು ನಡೆಯುತ್ತಲೇ ಇದೆ. ಮುಂದಿನ ತಿಂಗಳು ತೀರ್ಪು. ಈ ಕಾಲು ಎಳೆದುಕೊಂಡು ತಮ್ಮ ಜೈಲಿಗೆ ಹೋಗಬೇಕು.

ನಾನು ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಮಾಡುತ್ತೇನೆ. ಎಲ್ಲರೂ ಬ್ರೇಕಕ್ಕ ಅನ್ನುತ್ತಾರೆ. ಗಂಡನನ್ನು ಬಿಟ್ಟು ಬಂದ ಮೇಲೆ ಕಲಿತ ಕಸುಬು. ಮೊದಲೇ ಕಲಿತಿದ್ದರೆ ಮದುವೆಯನ್ನೇ ನಿಲ್ಲಿಸುತ್ತಿದ್ದೆ.

ಒಂದು ಸೋಮವಾರ ಆ ಪಿಕಪ್ಪನ್ನು ಇನ್ನೊಂದು ಗಾಡಿ ಎಳೆದುಕೊಂಡು ನಮ್ಮ ಗ್ಯಾರೇಜಿಗೆ ಬಂತು. ಅಪಘಾತದ ದಿನದಿಂದ ಧಣಿಯ ಶೆಡ್ಡಿನಲ್ಲೇ ನಿಂತಿದ್ದ ಗಾಡಿ. ಮೂತಿ ನೆಟ್ಟಗೆ ಮಾಡಿಸಿ, ಕೆಂಪು ಬಣ್ಣ ಹೊಡೆಸಿದ್ದರು. ಮದುಮಗಳ ಹಾಗೆ ಮಿನುಗುತ್ತಿತ್ತು. ಹಿಂದಿನ ಕಾರಿನಿಂದ ಧಣಿ ಇಳಿದ. ಪೊಲೀಸ್ ಸ್ಟೇಷನ್ನಿನಲ್ಲಿ ನಾನು ಇವನ ಕಾಲು ಹಿಡಿದು ಅತ್ತಿದ್ದೆ. ಈಗ ಎದುರೇ ನಿಂತರೂ ಅವನಿಗೆ ಗುರುತು ಸಿಗಲಿಲ್ಲ.

"ಮೇಸ್ತ್ರಿ ಇಲ್ವಾ?"

"ಬ್ರೇಕ್ ಕೆಲಸ ನಂದೇ. ಹೇಳಿ ಧಣಿ."

"ನೀನಾ?" ಎಂದು ನಕ್ಕ. "ಸರಿ ಬಿಡು. ಹಳೇ ಗಾಡಿಗಳ ಪ್ರದರ್ಶನ ಇದೆ. ನನ್ನ ಮಗಳು ಇದನ್ನ ಓಡಿಸ್ತಾಳಂತೆ. ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ಕಿತ್ತಾಕಿ ಡಿಸ್ಕ್ ಬ್ರೇಕ್ ಕೂರಿಸ್ಬೇಕು."

ನಾನು ಕೆಲಸದ ಕಾರ್ಡ್ ತೆಗೆದೆ. ನಮ್ಮ ಮೇಸ್ತ್ರಿಯದು ಒಂದು ನಿಯಮ. ಗಿರಾಕಿ ಗಾಡಿಯ ತೊಂದರೆ ಏನು ಅನ್ನುತ್ತಾನೋ ಅದನ್ನು ಅವನ ಮಾತಿನಲ್ಲೇ ಬರೆಯಬೇಕು, ಸಹಿ ಹಾಕಿಸಬೇಕು. ಇಲ್ಲದಿದ್ದರೆ ಆಮೇಲೆ "ನಾನು ಹಾಗಂದೇ ಇಲ್ಲ" ಅನ್ನುತ್ತಾರೆ.

"ತೊಂದರೆ ಏನು ಧಣಿ?"

"ಡ್ರಮ್ಮೇ ತೊಂದರೆ. ಇಳಿಜಾರಲ್ಲಿ ನಾಲ್ಕು ಸಲ ತುಳಿದ್ರೆ ಕಾದು ಬಿಡುತ್ತೆ. ಆಮೇಲೆ ಹಿಡಿಯಲ್ಲ."

"ಎಷ್ಟು ದಿನದಿಂದ?"

"ದಿನ ಏನು ಬಂತು, ಏಳೆಂಟು ವರ್ಷದಿಂದ. ನಾನಂತೂ ಇದನ್ನ ಇಳಿಜಾರಿಗೆ ತಗೊಂಡು ಹೋದವನೇ ಅಲ್ಲ. ಡ್ರೈವರ್‌ಗಳು ಹೆಂಗೋ ಸಂಭಾಳಿಸ್ತಿದ್ರು."

ಪೆನ್ನು ಒತ್ತಿ ಬರೆಯುತ್ತಲೇ ಕೇಳಿದೆ.

"ಆವಾಗ್ಲೇ ಡಿಸ್ಕ್ ಹಾಕಿಸ್ಬಹುದಿತ್ತಲ್ಲ?"

"ಇಟ್ಟಿಗೆ ಹೊರೋ ಗಾಡಿಗಾ? ಈಗ ಮಗಳು ಕೂರ್ತಾಳಲ್ಲಮ್ಮ."

ಒಂದಕ್ಷರ ಬಿಡದೆ ಬರೆದೆ. ಇಷ್ಟೆಲ್ಲ ಯಾಕೆ ಬಾಯಿ ಬಿಟ್ಟ ಅಂತೀರಾ? ಗ್ರೀಸ್ ಮೆತ್ತಿಕೊಂಡ ಹೆಂಗಸಿನ ಮುಂದೆ ಆಡಿದ್ದು ಅವನ ಲೆಕ್ಕದಲ್ಲಿ ಮಾತೇ ಅಲ್ಲ. ಕೇಸು ನನ್ನ ತಮ್ಮನ ತಲೆಯ ಮೇಲೆ ಇತ್ತು, ಅವನ ತಲೆಯೊಳಗೆ ಇರಲಿಲ್ಲ.

"ಬಿಚ್ಚಿದ ಹಳೇ ಸಾಮಾನು ವಾಪಸ್ ಬೇಕಾ?" ಅದು ಕಾರ್ಡಿನ ಕೊನೆಯ ಪ್ರಶ್ನೆ.

"ಆ ಕೊಳಕು ಕಟ್ಕೊಂಡು ಏನ್ಮಾಡ್ಲಿ? ಗುಜರಿಗೆ ಎಸಿ."

"ಬೇಡ ಅಂತ ಬರೀಲಾ?"

"ಬರಿ, ಬರಿ."

ಫೋನ್ ನೋಡುತ್ತಲೇ ಸಹಿ ಗೀಚಿ ಹೋದ.

ನಾನು ಗಾಡಿಯನ್ನು ಮುಟ್ಟಲಿಲ್ಲ. ತಮ್ಮನ ಕೇಸು ನಡೆಸುವ ವಕೀಲಮ್ಮನಿಗೆ ಫೋನ್ ಮಾಡಿದೆ. ಸತ್ತವಳ ತಾಯಿಗೂ ಹೇಳಿ ಕಳಿಸಿದೆ. ಮೇಸ್ತ್ರಿ ಹೆದರಿದ.

"ಗಿರಾಕಿ ಗಾಡಿ ಕಣಮ್ಮ. ನಾಳೆ ನಮ್ಮ ಬಾಗಿಲು ಮುಚ್ಚಿಸ್ತಾನೆ."

"ಮುಚ್ಚಿಸ್ಲಿ ಮೇಸ್ತ್ರಿ. ಮೊದಲು ಈ ಕಾರ್ಡ್ ಓದಿ."

ಮೇಸ್ತ್ರಿ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಜಾಕ್ ಎಳೆದುಕೊಂಡು ಬಂದ.

ವಕೀಲಮ್ಮನ ಮುಂದೆ, ವಿಡಿಯೋ ಆಗುತ್ತಿರುವಾಗ, ಎಡಗಡೆಯ ಡ್ರಮ್ ಬಿಚ್ಚಿದೆವು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಟ್ಟಿ ಎಳೆದಾಗ ಬಂತು. ಒಳಗೆ, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ, ಲೈನಿಂಗ್ ಅನ್ನುವುದೇ ಇರಲಿಲ್ಲ. ಎಲ್ಲ ಸವೆದು, ಅದನ್ನು ಹಿಡಿದಿಡುವ ರಿವೆಟ್ಟುಗಳೇ ಡ್ರಮ್ಮಿಗೆ ಉಜ್ಜಿ ಉಗುರು ಹೂತುಹೋಗುವಷ್ಟು ಗೆರೆ ಕೊರೆದಿದ್ದವು. ಬಲಗಡೆಯದನ್ನೂ ಬಿಚ್ಚಿದೆವು, ಅದೂ ಹಾಗೇ. ಒಂದು ತಿಂಗಳಲ್ಲಿ ಹೀಗೆ ಸವೆಯಬೇಕಾದರೆ ಗಾಡಿ ಊಟ ನಿದ್ದೆ ಬಿಟ್ಟು ಭೂಮಿ ಸುತ್ತಬೇಕು.

ಇನ್ನೊಂದಿತ್ತು. ನಮ್ಮ ಗ್ಯಾರೇಜಿನವರು ಡ್ರಮ್ ಮುಚ್ಚುವ ಮುನ್ನ ಒಳಗಿನ ತಗಡಿನ ಮೇಲೆ ಮೊಳೆಯಿಂದ ತಾರೀಖು ಗೀಚುತ್ತೇವೆ. ಗಿರಾಕಿಗಳಿಗೆ ಇದು ಗೊತ್ತಿಲ್ಲ. ಮುಂದೆ ಬಿಚ್ಚುವವರಿಗೆ ಗೊತ್ತಾದರೆ ಸಾಕು. ಬಟ್ಟೆಯಲ್ಲಿ ಒರೆಸಿದಾಗ ತಾರೀಖು ಕಂಡಿತು, ಪಕ್ಕದಲ್ಲೊಂದು ಮೀನಿನ ಬಾಲ. ಅದು ಮೇಸ್ತ್ರಿಯ ಗುರುತು. ಅಪಘಾತಕ್ಕೆ ಒಂಬತ್ತು ವರ್ಷ ಹಿಂದಿನದು.

"ನನ್ನ ಕೈಯೇ" ಎಂದ ಮೇಸ್ತ್ರಿ. "ಆವತ್ತು ನಾನೇ ಹೊಸ ಲೈನಿಂಗ್ ಹಾಕಿ ಮುಚ್ಚಿದ್ದೆ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಸತ್ತವಳ ತಾಯಿ ಹತ್ತಿರ ಬಂದು ಕೂತಳು. ಮಗಳ ಹಾಗೆ ಅವಳೂ ಭಟ್ಟಿಯಲ್ಲೇ ಹೊರೆ ಹೊರುವವಳು. ಹೋಲಿಸಿ ನೋಡಲು ಇಟ್ಟಿದ್ದ ಹೊಸ ಲೈನಿಂಗನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು.

"ಇಷ್ಟೇನಾ?" ಎಂದಳು. "ಈ ಪಟ್ಟಿ ಇಲ್ದಿದ್ದಕ್ಕಾ ನನ್ ಮಗಳು ಹೋಗಿದ್ದು?"

ವಕೀಲಮ್ಮ ಸವೆದ ಭಾಗಗಳನ್ನೂ ತಗಡನ್ನೂ ಚೀಲಕ್ಕೆ ಹಾಕಿ ಮೊಹರು ಮಾಡಿಕೊಂಡು ಹೋದರು. ಭಾರದ ಎರಡು ಡ್ರಮ್ ಮಾತ್ರ, ವಿಡಿಯೋದಲ್ಲಿದ್ದರೆ ಸಾಕೆಂದು, ನಮ್ಮಲ್ಲೇ ಉಳಿದವು.

ಆಮೇಲೆ ಡಿಸ್ಕ್ ಕೂರಿಸಲು ತೊಡಗಿದೆ. ಹೊಸ ಹಬ್, ಕ್ಯಾಲಿಪರ್, ಹೊಸ ಮಾಸ್ಟರ್ ಸಿಲಿಂಡರ್. ಎಣ್ಣೆ ಬರುವ ಪೈಪಿನ ಬೋಲ್ಟ್ ಬಿಗಿಯುವಾಗ ಸ್ಪ್ಯಾನರ್ ತಾನಾಗಿ ನಿಂತಿತು. ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು. ಹನಿ ಹನಿ ಸೋರಿ ಒಂದು ದಿನ ಪೆಡಲ್ ನೆಲ ಮುಟ್ಟುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೂರಿತು. ಬಿಗಿಯದೆ ಮನೆಗೆ ಹೋದೆ.

ತಮ್ಮನಿಗೆ ಹೇಳಿದೆ. ಅವನು ಮಡಚದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ.

"ಮಗಳು ಓಡಿಸ್ತಾಳೆ ಅಂದ್ಯಲ್ಲ ಅಕ್ಕ. ತುಳಿದ್ರೂ ಹಿಡೀದೆ ಇದ್ದಾಗ ಹೆಂಗಾಗುತ್ತೆ ಅಂತ ನಂಗೊತ್ತು. ಅದು ಆ ಹುಡುಗಿಗೆ ಯಾಕೆ? ಅವಳಪ್ಪನಿಗೆ ಗೊತ್ತಾಗ್ಬೇಕು."

ಮರುದಿನ ಹೋಗಿ ಬೋಲ್ಟ್ ಬಿಗಿದೆ. ಬ್ರೇಕ್ ಎಣ್ಣೆಯಲ್ಲಿ ಸೇರಿದ್ದ ಗಾಳಿ ತೆಗೆದೆ, ಹೊಸ ಪ್ಯಾಡುಗಳು ಡಿಸ್ಕಿಗೆ ಚೆನ್ನಾಗಿ ಕೂರುವವರೆಗೆ ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ಓಡಿಸಿ ಇಪ್ಪತ್ತು ಸಲ ಗಕ್ಕನೆ ನಿಲ್ಲಿಸಿದೆ. ಅಷ್ಟು ಚೆನ್ನಾಗಿ ಯಾವ ಗಾಡಿಗೂ ಬ್ರೇಕ್ ಮಾಡಿದವಳಲ್ಲ ನಾನು. ಹಾಗಂತ ನನ್ನನ್ನು ಸಾಧ್ವಿ ಅಂದುಕೊಳ್ಳಬೇಡಿ.

ವಕೀಲಮ್ಮ ಎಲ್ಲವನ್ನೂ ಕೋರ್ಟಿಗೆ ಸಲ್ಲಿಸಿದ ದಿನ ಧಣಿಗೆ ಫೋನ್ ಮಾಡಿದೆ. ಅವನು ಬಂದ.

"ಪಕ್ಕದಲ್ಲಿ ಕೂತು ನೋಡಿ ಧಣಿ. ನೀವು ಒಪ್ಪಿದ ಮೇಲೇ ಗಾಡಿ ಕೊಡೋದು."

ಕೂತ. ಅಪಘಾತದ ಇಳಿಜಾರಿನ ತಲೆಗೆ ಬಂದಾಗ ಅವನಿಗೆ ರಸ್ತೆಯ ಗುರುತು ಹತ್ತಿತು.

"ಈ ಕಡೆ ಯಾಕಮ್ಮ?"

"ಬ್ರೇಕ್ ಪರೀಕ್ಷೆ ಇಳಿಜಾರಲ್ಲೇ ಆಗ್ಬೇಕಲ್ಲ."

ಗಾಡಿಯನ್ನು ಬಿಟ್ಟೆ. ಪಿಕಪ್ ಹೊಟ್ಟೆ ಕುಲುಕಿಸಿಕೊಂಡು ಓಡಿತು. ಕೆಳಗೆ ಗೋಡೆ ಕಾಣಿಸಿತು. "ನಿಧಾನ" ಎಂದ. ನಾನು ಕಾಲನ್ನು ಪೆಡಲಿನಿಂದ ದೂರವೇ ಇಟ್ಟುಕೊಂಡೆ. "ನಿಧಾನ ಅಂದೆ ಕಣೇ!" ಗೋಡೆ ದೊಡ್ಡದಾಯಿತು. ಅವನ ಎರಡೂ ಕೈ ಡ್ಯಾಶ್‌ಬೋರ್ಡಿಗೆ ಹೋದವು. ಬಲಗಾಲು ಬರೀ ನೆಲವನ್ನು ತುಳಿಯಿತು. ಅವನ ಕಡೆ ಬ್ರೇಕ್ ಎಲ್ಲಿಂದ ಬರಬೇಕು? ಆದರೂ ತುಳಿದ, ಮತ್ತೆ ತುಳಿದ.

"ಹಿಡೀತಿಲ್ಲ ಅಲ್ವಾ ಧಣಿ? ಆವತ್ತು ನನ್ನ ತಮ್ಮನಿಗೂ ಹಿಡೀಲಿಲ್ಲ."

ಆಗ ನಾನು ತುಳಿದೆ. ಡಿಸ್ಕ್ ಕಚ್ಚಿ ಹಿಡಿಯಿತು. ಗೋಡೆಗೆ ಎರಡು ಮೊಳ ಇರುವಾಗ ಗಾಡಿ ನಿಂತಿತು.

ಗೋಡೆಯ ಈ ಬದಿಗೆ, ರಸ್ತೆ ಬಿಟ್ಟು, ಭಟ್ಟಿಯ ಹೆಂಗಸರು ನಿಂತಿದ್ದರು. ಹದಿನೆಂಟು ಜನ. ಮುಂದೆ ಸತ್ತವಳ ತಾಯಿ. ಅವಳ ಕಾಲ ಬಳಿ ಎರಡು ಡ್ರಮ್. ನಾನು ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಂಡೆ.

"ನೀನು... ಅವನ ಅಕ್ಕನಾ?"

"ಸ್ಟೇಷನ್ನಲ್ಲಿ ನಿಮ್ಮ ಕಾಲು ಹಿಡ್ಕೊಂಡಿದ್ದೆ. ನೀವು ಮುಖ ನೋಡಿರಲಿಲ್ಲ."

ಅವನ ಕಣ್ಣು ಡ್ರಮ್ಮುಗಳ ಮೇಲೆ ಬಿತ್ತು. ಮುಖದ ಬಣ್ಣ ಇಳಿಯಿತು. "ಅದು ನನ್ನ ಸಾಮಾನು. ಗಾಡಿಗೆ ಹಾಕ್ಸು."

"ಬೇಡ ಅಂತ ಸಹಿ ಹಾಕಿದ್ದೀರಿ."

"ಕೋರ್ಟಲ್ಲಿ ನಿನ್ನ ಮಾತು ಯಾರೇ ಕೇಳ್ತಾರೆ?"

"ನನ್ನ ಮಾತು ಯಾರಿಗೆ ಬೇಕು ಧಣಿ. ಏಳೆಂಟು ವರ್ಷದಿಂದ ಹಿಡೀತಿರ್ಲಿಲ್ಲ, ಡ್ರೈವರ್‌ಗಳು ಹೆಂಗೋ ಸಂಭಾಳಿಸ್ತಿದ್ರು. ನಿಮ್ಮ ಮಾತು, ನಿಮ್ಮ ಸಹಿ. ಇವತ್ತು ಬೆಳಿಗ್ಗೇನೇ ಕೋರ್ಟಿಗೆ ಹೋಯ್ತು."

ಅವನು ಬಾಗಿಲು ತೆರೆಯಲು ನೋಡಿದ. ಅಷ್ಟರಲ್ಲಿ ಹೆಂಗಸರು ಬಂದು ಆ ಬಾಗಿಲಿಗೆ ಒತ್ತಿ ನಿಂತಿದ್ದರು. ಒಬ್ಬಳು ಕನಿಕರದಿಂದ ಸರಿಯಹೋದಳು. ಸತ್ತವಳ ತಾಯಿ ಅವಳ ತೋಳು ಹಿಡಿದಳು.

"ಇಳಿಸ್ಬೇಡ್ರೇ" ಎಂದಳು. "ಸ್ವಲ್ಪ ಹೊತ್ತು ಕೂರ್ಲಿ. ಗೋಡೆ ನೋಡ್ಲಿ."

ಅವನು ಕೂತ. ಬಲಗಾಲು ಚಾಚಿ ನೆಲ ಒತ್ತಿದ್ದು ಹಾಗೇ ಸೆಟೆದಿತ್ತು. ಮಡಚಲು ಆಗುತ್ತಿರಲಿಲ್ಲ.