ಒಸರಿನಲ್ಲಿ ಬಿದಿರ ಸಿಪ್ಪೆ

ಹಿತ್ತಿಲ ಒಸರಿನಿಂದ ತುಂಬಿ ತಂದ ದೇವರ ಕೋಣೆಯ ಕೊಡದಲ್ಲಿ ಬಿದಿರಿನ ಸಿಪ್ಪೆ ತೇಲುತ್ತಿತ್ತು. ಒಂದಲ್ಲ, ನಾಲ್ಕೈದು. ಕಾಂತಿ ಬೆರಳಲ್ಲಿ ಎತ್ತಿ ನೋಡಿದಳು. ಹಸಿರು ಇನ್ನೂ ಮಾಸಿರಲಿಲ್ಲ. ನಾರಾವಿಯ ಆ ಮೂಲೆಯಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುವವರು ಗುಡ್ಡದ ಮೇಲಿನ ಕೇರಿಯವರು ಮಾತ್ರ.

ಕೇರಿಯ ಪಕ್ಕದ ತೊರೆ ಮುರಕಲ್ಲಿನ ಬಿಲವೊಂದಕ್ಕೆ ಇಳಿದು ಕಾಣೆಯಾಗುತ್ತಿತ್ತು. ಪಾತಾಳಕ್ಕೆ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ಅರ್ಧ ಮೈಲಿ ಕೆಳಗೆ ಕಾಂತಿಯ ಹಿತ್ತಿಲಲ್ಲಿ ಬಂಡೆಯಡಿಯಿಂದ ಬರುವ ಒಸರು ಮಾತ್ರ ದೈವ ಕೊಟ್ಟದ್ದಂತೆ! ಬೇಸಿಗೆಯಲ್ಲಿ ತೊರೆ ಕೆಸರಾದಾಗ ಕೇರಿಯ ತುಕ್ರಪ್ಪ ನೀರಿಗೆ ಬರುತ್ತಿದ್ದ. ಬೇಲಿಯಾಚೆ ಕೊಡವಿಟ್ಟು ಹತ್ತು ಮಾರು ಹಿಂದೆ ಸರಿಯಬೇಕು. ಆಮೇಲೆ ಕಾಂತಿ ಎತ್ತರದಿಂದ ಹೊಯ್ಯಬೇಕು. ಮದುವೆಯಾಗಿ ಬಂದ ಹದಿನಾರು ವರ್ಷವೂ ಹಾಗೆಯೇ ಹೊಯ್ದಿದ್ದಳು.

ಸಿಪ್ಪೆ ಕಂಡ ಗಂಡ ಚಿನ್ನಯ್ಯ ಕೆಂಡವಾದ. "ಇಷ್ಟು ವರ್ಷ ಅವರು ಕೈಕಾಲು ತೊಳೆದ ನೀರು ಕುಡಿದೆವಾ? ಆ ಬಿಲ ಮುಚ್ಚಿಸ್ತೇನೆ!"

"ಕುಡಿದು ನಮಗೆ ಏನಾಯ್ತು? ಮುಟ್ಟಬಾರದು ಅನ್ನುವುದೇ ಅಪರಾಧ ಅಂತ ಕಾನೂನು ಬಂದು ಮೂರು ವರ್ಷ ಆಯ್ತು."

"ಕಾನೂನು ಬೆಳ್ತಂಗಡಿ ಕಚೇರಿಯಲ್ಲಿರಲಿ. ಇದು ನನ್ನ ಅಜ್ಜ ಬಾಳಿದ ಮನೆ."

ಕೇರಿಯ ನೀರು ನಿಂತರೆ ದೈವದ ನೀರಷ್ಟೇ ಬರುತ್ತದೆ ಎಂದು ನಂಬಿದ್ದ ಆಸಾಮಿ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಆಳುಗಳಿಂದ ಕಲ್ಲು, ಜೇಡಿಮಣ್ಣು ತುಂಬಿಸಿ ಬಿಲ ಮುಚ್ಚಿಸಿಯೇ ಬಂದ.

ಮೂರನೆಯ ದಿನ ಒಸರು ಬತ್ತಿತು. ಬಾವಿ ಮೊದಲೇ ಒಣಗಿತ್ತು. ಹಟ್ಟಿಯಲ್ಲಿ ದನಗಳು ಕೂಗಿದವು. ಹಾಸಿಗೆ ಹಿಡಿದಿದ್ದ ಅತ್ತೆ ನೀರು ನೀರು ಎಂದು ಕನವರಿಸಿದಳು. "ಕಲ್ಲು ತೆಗೆಸಿ" ಎಂದರೆ ಚಿನ್ನಯ್ಯ ಮುಖ ತಿರುಗಿಸಿದ. ಕಾಂತಿ ಕೊಡ ಎತ್ತಿಕೊಂಡು ಯಾರ ಕಣ್ಣಿಗೂ ಬೀಳದ ಹಿತ್ತಿಲ ಕಾಲುದಾರಿಯಲ್ಲಿ ಗುಡ್ಡ ಹತ್ತಿದಳು.

ಹೋಗಲು ದಾರಿಯಿಲ್ಲದ ತೊರೆ ಕೇರಿಯ ಬದಿಯಲ್ಲಿ ಸಣ್ಣ ಕೆರೆಯಾಗಿ ನಿಂತಿತ್ತು. ಬುಟ್ಟಿ ಹೆಣೆಯುತ್ತಿದ್ದ ತುಕ್ರಪ್ಪ ಅವಳನ್ನು ಕಂಡವನೇ ಎದ್ದು ಹತ್ತು ಮಾರು ಹಿಂದೆ ಸರಿದ.

"ತುಂಬಿಸಿಕೊಳ್ಳಿ ಅಮ್ಮ. ನಾವು ಯಾರೂ ಹತ್ತಿರ ಬರುವುದಿಲ್ಲ."

ತನ್ನ ನೀರಿನಿಂದ ತಾನೇ ದೂರ ನಿಂತಿದ್ದ, ಅಯ್ಯೋ! ಕಾಂತಿ ಕೊಡವನ್ನು ಅವನತ್ತ ಚಾಚಿದಳು. "ನೀನೇ ಹೊಯ್ಯಿ ತುಕ್ರಪ್ಪ. ನಾನು ಕೊಡ ಹಿಡಿದುಕೊಳ್ತೇನೆ."

"ಧನಿಗಳಿಗೆ ಗೊತ್ತಾದರೆ?"

"ನಾನೇ ಹೇಳ್ತೇನೆ."

ಅವನು ಬಂದು ಹೊಯ್ದ. ಅರ್ಧ ನೀರು ಅವಳ ಸೀರೆಯ ಮೇಲೆ ಚೆಲ್ಲಿತು.

ಮನೆಯಲ್ಲಿ ಅತ್ತೆಗೆ ಕುಡಿಸಿ, ಒಂದು ಲೋಟ ಗಂಡನ ಮುಂದಿಟ್ಟಳು. "ತುಕ್ರಪ್ಪ ಹೊಯ್ದ ನೀರು."

ಲೋಟದಲ್ಲಿ ಒಂದು ಸಿಪ್ಪೆಯಿತ್ತು. ಚಿನ್ನಯ್ಯ ಅದನ್ನು ಬೆರಳಿಂದ ತೆಗೆದೆಸೆದು ಒಂದೇ ಉಸಿರಿಗೆ ಕುಡಿದ. ಬಾಯಿ ಒರೆಸಿಕೊಂಡು, "ಯಾರಿಗೂ ಹೇಳಬೇಡ" ಎಂದ.

ಕಾಂತಿ ಉಳಿದ ನೀರನ್ನು ದನಗಳಿಗೆ ಸುರಿದಳು. ಖಾಲಿ ಕೊಡ ಎತ್ತಿಕೊಂಡು, ಈ ಸಲ ಊರವರೆಲ್ಲ ಓಡಾಡುವ ದಾರಿಯಲ್ಲೇ ಗುಡ್ಡ ಹತ್ತಿದಳು.